ನಂದಿಬೆಟ್ಟಕ್ಕೆ ರೋಪ್‌ವೇ ಕನಸು ಕಂಡ ಶಂಕರ್‌ನಾಗ್: ಗಳಿಕೆ, ಹೂಡಿಕೆ, ಉಳಿಕೆ

ಚಿಕ್ಕಬಳ್ಳಾಪುರ: ಚಿತ್ರನಟರ ಆಸ್ತಿಪಾಸ್ತಿಯ ಮಾತು ಬಂದಾಗ ಸಾಮಾನ್ಯವಾಗಿ ಜನರ ಕಣ್ಣಮುಂದೆ ಬರುವುದು ಬಂಗಲೆ, ತೋಟ, ವಿದೇಶಿ ಕಾರು ಮತ್ತು ಚಿನ್ನಾಭರಣ. ಕನ್ನಡ ಚಿತ್ರರಂಗದಲ್ಲಿ ಕೇವಲ ಹನ್ನೆರಡು ವರ್ಷಗಳ ಕಾಲ ದುಡಿದು, 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ, 35ನೇ ವಯಸ್ಸಿನಲ್ಲಿಯೇ ಕಣ್ಮರೆಯಾದ ಶಂಕರ್‌ನಾಗ್ ಅವರ ವಿಷಯದಲ್ಲಿ ಈ ಲೆಕ್ಕಾಚಾರ ಬೇರೆಯೇ ಆಗಿದೆ. ಅವರು ದುಡಿದರು, ದುಡಿದಷ್ಟನ್ನೂ ಮತ್ತೊಂದು ಕೆಲಸಕ್ಕೆ ತೊಡಗಿಸಿದರು. ಆ ಕೆಲಸಗಳಲ್ಲಿ ಕೆಲವು ಕೈಗೂಡಿದವು, ಕೆಲವು ಅರ್ಧಕ್ಕೆ ನಿಂತವು, ಇನ್ನು ಕೆಲವು ಕಾಗದದ ಮೇಲೆಯೇ ಉಳಿದವು.

ಹೀಗೆ ಕಾಗದದ ಮೇಲೆ ಉಳಿದವುಗಳಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಕನಸೂ ಒಂದಿದೆ. ನಂದಿಬೆಟ್ಟಕ್ಕೆ ರೋಪ್‌ವೇ ಬರಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹೊಸ ತಲೆಮಾರಿನ ಪ್ರೇಕ್ಷಕರಿಗೆ ಶಂಕರ್‌ನಾಗ್ ಎಂದರೆ ಆಟೊಗಳ ಹಿಂಬದಿಯ ಚಿತ್ರ ಮತ್ತು ಕಿರುತೆರೆಯಲ್ಲಿ ಆಗಾಗ ಪ್ರಸಾರವಾಗುವ ಹಳೆಯ ಚಿತ್ರಗಳ ನಾಯಕ. ಆ ನಾಯಕ ಹೇಗೆ ಬೆಳೆದರು, ಗಳಿಸಿದ್ದನ್ನು ಏನು ಮಾಡಿದರು, ಕಡೆಗೆ ಉಳಿದದ್ದೇನು ಎಂಬುದರತ್ತ ಒಂದು ನೋಟ ಇಲ್ಲಿದೆ.

ಕರಾವಳಿಯಿಂದ ಮುಂಬಯಿಗೆ

ಶಂಕರ್‌ನಾಗ್ ಜನಿಸಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಮನೆತನದ ಹೆಸರಾದ ನಾಗರಕಟ್ಟೆಯೇ ಮುಂದೆ ಮೊಟಕಾಗಿ ನಾಗ್ ಎಂದಾಯಿತು. ಅಣ್ಣ ಅನಂತನಾಗ್ ಅವರಿಗಿಂತ ಆರು ವರ್ಷ ಕಿರಿಯರಾದ ಶಂಕರ್, ಅಣ್ಣನ ಹಾದಿಯಲ್ಲಿಯೇ ಮುಂಬಯಿಯನ್ನು ಸೇರಿದರು.

ಮುಂಬಯಿಯಲ್ಲಿ ಅವರು ಬ್ಯಾಂಕೊಂದರಲ್ಲಿ ಉದ್ಯೋಗಕ್ಕೆ ಸೇರಿದರು. ಅಂದಿನ ಮಧ್ಯಮ ವರ್ಗದ ಕುಟುಂಬವೊಂದರ ಯುವಕನಿಗೆ ಬ್ಯಾಂಕಿನ ನೌಕರಿ ಎಂದರೆ ಜೀವನಪೂರ್ತಿ ನೆಮ್ಮದಿಯ ಭರವಸೆ. ಆದರೆ ಸಂಜೆಯ ವೇಳೆ ಮರಾಠಿ ರಂಗಭೂಮಿ ಅವರನ್ನು ಸೆಳೆಯತೊಡಗಿತು. ಎಪ್ಪತ್ತರ ದಶಕದ ಮರಾಠಿ ರಂಗಭೂಮಿ ದೇಶದಲ್ಲಿಯೇ ಅತ್ಯಂತ ಚಟುವಟಿಕೆಯ ತಾಣವಾಗಿತ್ತು. ಅಲ್ಲಿ ನಟನೆಯೊಂದಿಗೆ ಬೆಳಕು, ರಂಗಸಜ್ಜಿಕೆ, ಪ್ರದರ್ಶನದ ನಿರ್ವಹಣೆ ಎಲ್ಲವನ್ನೂ ಅವರು ಕಲಿತರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದದ್ದೂ ಅದೇ ರಂಗಭೂಮಿಯಲ್ಲಿ. ಚಾಪೇಕರ್ ಸಹೋದರರ ಕಥೆಯನ್ನು ಆಧರಿಸಿದ, 1979ರಲ್ಲಿ ತೆರೆಕಂಡ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಶಂಕರ್ ಅವರ ಕೈಯೂ ಇತ್ತು.

ಮೊದಲ ಕನ್ನಡ ಚಿತ್ರ, ಅಂತರರಾಷ್ಟ್ರೀಯ ಪ್ರಶಸ್ತಿ

ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರವನ್ನು ನಿರ್ದೇಶಿಸಲು ಹೊರಟಾಗ ಅವರಿಗೆ ಹೊಸ ಮುಖವೊಂದು ಬೇಕಿತ್ತು. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವದಲ್ಲಿ, ಮಧ್ಯಯುಗದ ಕರ್ನಾಟಕವನ್ನು ಹಿನ್ನೆಲೆಯಾಗಿಟ್ಟುಕೊಂಡು ಹೆಣೆದ ಕಥೆ ಅದು. ಅದರಲ್ಲಿ ಬಾಡಿಗೆ ಸೈನಿಕ ಗಂಡುಗಲಿಯ ಪಾತ್ರ ಶಂಕರ್ ಅವರ ಪಾಲಿಗೆ ಬಂತು. ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್ ನಟಿಸಿದರು. 1978ರಲ್ಲಿ ತೆರೆಕಂಡ ಆ ಚಿತ್ರದ ಅಭಿನಯಕ್ಕಾಗಿ 1979ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್‌ನಾಗ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಲಭಿಸಿತು. ಆಗ ಅವರ ವಯಸ್ಸು 24.

ಇಂತಹ ಪ್ರಶಸ್ತಿ ಪಡೆದ ನಟ ಹೊಸ ಅಲೆಯ ಚಿತ್ರಗಳಲ್ಲಿಯೇ ಮುಂದುವರಿಯುವರೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಶಂಕರ್ ಆಯ್ದುಕೊಂಡದ್ದು ಬೇರೆ ದಾರಿ. 1979ರಲ್ಲಿ ವಿ. ಸೋಮಶೇಖರ್ ನಿರ್ದೇಶನದ 'ಸೀತಾರಾಮು' ಚಿತ್ರದ ಮೂಲಕ ಅವರು ವಾಣಿಜ್ಯ ಚಿತ್ರರಂಗವನ್ನು ಪ್ರವೇಶಿಸಿದರು. ಹೊಡೆದಾಟದ ದೃಶ್ಯಗಳಲ್ಲಿ ಅವರು ತೋರಿದ ಚುರುಕಿಗೆ ಮನಸೋತ ಪ್ರೇಕ್ಷಕರು ಅವರನ್ನು 'ಕರಾಟೆ ಕಿಂಗ್' ಎಂದು ಕರೆದರು.

1980ರಲ್ಲಿ ಬಂದ, ವಿಜಯ್ ನಿರ್ದೇಶನದ 'ಆಟೊ ರಾಜ' ಅವರನ್ನು ಮನೆಮಾತಾಗಿಸಿತು. ಗಾಯತ್ರಿ ನಾಯಕಿಯಾಗಿದ್ದ, ರಾಜನ್-ನಾಗೇಂದ್ರ ಸಂಗೀತ ನೀಡಿದ್ದ ಆ ಚಿತ್ರದಲ್ಲಿ ಆಟೊ ಚಾಲಕನೊಬ್ಬ ಕಥಾನಾಯಕನಾಗಿದ್ದ. ಖಾಕಿ ಅಂಗಿ ತೊಟ್ಟು ದಿನವಿಡೀ ದುಡಿಯುವ ಶ್ರಮಿಕ ವರ್ಗಕ್ಕೆ ಬೆಳ್ಳಿತೆರೆಯ ಮೇಲೆ ಗೌರವದ ಸ್ಥಾನ ಸಿಕ್ಕಿತು. ಆ ಋಣವನ್ನು ಆಟೊ ಚಾಲಕರು ಇಂದಿಗೂ ಮರೆತಿಲ್ಲ. ರಾಜ್ಯದ ಅನೇಕ ಊರುಗಳಲ್ಲಿ ಶಂಕರ್‌ನಾಗ್ ಹೆಸರಿನ ಆಟೊ ನಿಲ್ದಾಣಗಳಿವೆ. ಅವರ ನಿಧನದ ನಂತರ ಹುಟ್ಟಿದ ಚಾಲಕರೂ ತಮ್ಮ ವಾಹನಗಳ ಮೇಲೆ ಅವರ ಚಿತ್ರವನ್ನು ಬರೆಸಿಕೊಳ್ಳುತ್ತಾರೆ.

ಬಿಕೆಟಿ ವಲಯದ ಲೆಕ್ಕಾಚಾರ

ನಟನೊಬ್ಬ ಹಣ ಗಳಿಸುವ ಬಗೆಯನ್ನು ತಿಳಿಯಲು ಅಂದಿನ ಚಿತ್ರೋದ್ಯಮದ ವ್ಯವಹಾರವನ್ನು ಅರಿಯಬೇಕು. ಎಂಬತ್ತರ ದಶಕದಲ್ಲಿ ಟಿ.ವಿ. ಹಕ್ಕು, ಜಾಹೀರಾತು ಮುಂತಾದ ಆದಾಯದ ಮೂಲಗಳು ಕನ್ನಡ ನಟರಿಗೆ ಇರಲಿಲ್ಲವೆಂದೇ ಹೇಳಬೇಕು. ಚಿತ್ರವೊಂದರ ಹಣವೆಲ್ಲ ಹುಟ್ಟುತ್ತಿದ್ದುದು ಚಿತ್ರಮಂದಿರದ ಟಿಕೆಟ್ ಕಿಂಡಿಯಲ್ಲಿ. ನಿರ್ಮಾಪಕರು ರಾಜ್ಯವನ್ನು ಹಲವು ವಿತರಣಾ ವಲಯಗಳನ್ನಾಗಿ ವಿಂಗಡಿಸಿ, ಆಯಾ ವಲಯದ ಹಂಚಿಕೆದಾರರಿಂದ ಮುಂಗಡ ಪಡೆದು ಚಿತ್ರ ತಯಾರಿಸುತ್ತಿದ್ದರು. ಇವುಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತುಮಕೂರು ಸೇರಿದ ಬಿಕೆಟಿ ವಲಯ ಅತ್ಯಂತ ಮುಖ್ಯವಾದದ್ದು. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಕೋಲಾರ ಜಿಲ್ಲೆಯ ಭಾಗವಾಗಿದ್ದ ಕಾರಣ, ನಮ್ಮ ಈ ನಾಲ್ಕೂ ಪಟ್ಟಣಗಳ ಚಿತ್ರಮಂದಿರಗಳ ಗಳಿಕೆ ಬಿಕೆಟಿ ಲೆಕ್ಕಕ್ಕೇ ಸೇರುತ್ತಿತ್ತು.

ಈ ಭಾಗದಲ್ಲಿ ಕನ್ನಡ ಚಿತ್ರಗಳಿಗೆ ಇನ್ನೊಂದು ಸವಾಲಿತ್ತು. ಆಂಧ್ರದ ಗಡಿಗೆ ಹೊಂದಿಕೊಂಡಿರುವ ಗೌರಿಬಿದನೂರು, ಚಿಂತಾಮಣಿ ಮುಂತಾದೆಡೆ ತೆಲುಗು ಮಾತನಾಡುವ ಜನ ಹೇರಳವಾಗಿದ್ದು, ತೆಲುಗು ಚಿತ್ರಗಳಿಗೆ ಮೊದಲಿನಿಂದಲೂ ಭಾರೀ ಬೇಡಿಕೆ. ಅಂತಹ ಊರುಗಳಲ್ಲಿ ತೆಲುಗಿನ ದೊಡ್ಡ ನಟರ ಚಿತ್ರಗಳ ಎದುರು ಕನ್ನಡ ಚಿತ್ರ ನಿಲ್ಲಬೇಕಾದರೆ ಜನರನ್ನು ಸೆಳೆಯುವ ಕಥೆ, ಸಾಹಸ, ಹಾಡು ಎಲ್ಲವೂ ಬೇಕಿತ್ತು. ಮಿತವಾದ ವೆಚ್ಚದಲ್ಲಿ, ಕಡಿಮೆ ದಿನಗಳಲ್ಲಿ ಸಾಹಸ ಚಿತ್ರ ಮುಗಿಸಬಲ್ಲ ನಾಯಕನಿಗೆ ಹಂಚಿಕೆದಾರರಿಂದ ಬೇಡಿಕೆ ಬರುವುದು ಸಹಜ. ಶಂಕರ್‌ನಾಗ್ ಅಂತಹ ನಾಯಕರಾದರು. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳೆಂದರೆ ವರ್ಷಕ್ಕೆ ಸರಾಸರಿ ಏಳು. ಒಂದೇ ದಿನ ಎರಡು ಮೂರು ಕಡೆ ದುಡಿಯದೆ ಇದು ಸಾಧ್ಯವಾಗುವ ಮಾತಲ್ಲ.

ಆ ಚಿತ್ರಗಳೆಲ್ಲವೂ ಉತ್ತಮವಾಗಿದ್ದವೆಂದು ಹೇಳಲಾಗದು. ಪ್ರತಿಭಾವಂತ ನಟನೊಬ್ಬ ಸಾಧಾರಣ ಚಿತ್ರಗಳಲ್ಲಿ ಕಳೆದುಹೋಗುತ್ತಿದ್ದಾರೆಂಬ ಟೀಕೆ ಅವರನ್ನು ಬಿಡಲಿಲ್ಲ. ಆದರೆ ಆ ಚಿತ್ರಗಳ ಸಂಭಾವನೆಯೇ ಅವರ ಉಳಿದೆಲ್ಲ ಕೆಲಸಗಳಿಗೆ ಬಂಡವಾಳವಾಯಿತು ಎಂಬುದನ್ನೂ ಗಮನಿಸಬೇಕು.

ಸಂಕೇತ್ ಎಂಬ ಹೆಸರು

1980ರಲ್ಲಿ ಶಂಕರ್ ಮತ್ತು ಅರುಂಧತಿ ವಿವಾಹವಾದರು. ಬೆಂಗಳೂರಿನಲ್ಲಿ ನೆಲೆ ನಿಂತ ದಂಪತಿ ಕಟ್ಟಿದ ನಾಟಕ ತಂಡದ ಹೆಸರು 'ಸಂಕೇತ್'. 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ' ಮುಂತಾದ ನಾಟಕಗಳನ್ನು ಈ ತಂಡ ರಂಗಕ್ಕೆ ತಂದಿತು. ಎಂಬತ್ತರ ದಶಕದ ಕೊನೆಯಲ್ಲಿ ಕಾರ್ನಾಡರ 'ನಾಗಮಂಡಲ'ವೂ ಇದೇ ತಂಡದಿಂದ ಪ್ರದರ್ಶನ ಕಂಡಿತು. ಹಗಲೆಲ್ಲ ಚಿತ್ರೀಕರಣದಲ್ಲಿ ತೊಡಗಿದ್ದ ಜನಪ್ರಿಯ ನಾಯಕನೊಬ್ಬ ರಾತ್ರಿ ನಾಟಕದ ತಾಲೀಮಿಗೆ ಬಂದು ಕೂರುವುದು ಅಂದಿನ ಚಿತ್ರರಂಗದಲ್ಲಿ ಅಪರೂಪದ ಸಂಗತಿ.

ಅದೇ ಹೆಸರಿನಲ್ಲಿ ಚಿತ್ರ ನಿರ್ಮಾಣವೂ ಆರಂಭವಾಯಿತು. ಆದರೆ ನಿರ್ದೇಶಕರಾಗಿ ಶಂಕರ್ ಅವರ ಮೊದಲ ಹೆಜ್ಜೆ 1980ರ 'ಮಿಂಚಿನ ಓಟ'. ಕಾರು ಕಳ್ಳರ, ಜೈಲಿನಿಂದ ತಪ್ಪಿಸಿಕೊಳ್ಳುವ ಕೈದಿಗಳ ಕಥೆ ಅದು. ಅನಂತನಾಗ್, ಲೋಕನಾಥ್, ಪ್ರಿಯಾ ತೆಂಡೂಲ್ಕರ್ ಮುಂತಾದವರು ನಟಿಸಿದ್ದ ಆ ಚಿತ್ರ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಸೇರಿದಂತೆ ಏಳು ರಾಜ್ಯ ಪ್ರಶಸ್ತಿಗಳನ್ನು ಪಡೆಯಿತು. ನಂತರ ಬಂದ 'ಜನ್ಮ ಜನ್ಮದ ಅನುಬಂಧ' ಹಾಗೂ 1981ರ 'ಗೀತಾ' ಚಿತ್ರಗಳಿಗೆ ಇಳಯರಾಜ ಸಂಗೀತ ನೀಡಿದರು. 'ಗೀತಾ' ಚಿತ್ರದ ಹಾಡುಗಳು ನಾಲ್ಕು ದಶಕಗಳ ನಂತರವೂ ಮದುವೆ ಮನೆಗಳಲ್ಲಿ, ವಾದ್ಯಗೋಷ್ಠಿಗಳಲ್ಲಿ ಕೇಳಿಬರುತ್ತಿವೆ.

1984ರಲ್ಲಿ ಗೆಳೆಯ ರಮೇಶ್ ಭಟ್ ಅವರ ನಿರ್ದೇಶನದಲ್ಲಿ 'ಪರಮೇಶಿ ಪ್ರೇಮ ಪ್ರಸಂಗ' ಬಂತು. ಅನಂತರ ಶಂಕರ್ ಕೈಗೆತ್ತಿಕೊಂಡ 'ಆ್ಯಕ್ಸಿಡೆಂಟ್' ಹಾಡುಗಳಿಲ್ಲದ ಚಿತ್ರ. ಅಮಲಿನಲ್ಲಿ ಕಾರು ಓಡಿಸಿ ಬೀದಿಬದಿಯಲ್ಲಿ ಮಲಗಿದ್ದ ಬಡವರ ಪ್ರಾಣ ತೆಗೆಯುವ ಪ್ರಭಾವಿ ರಾಜಕಾರಣಿಯ ಮಗ, ಅದನ್ನು ಮುಚ್ಚಿಹಾಕಲು ನಡೆಯುವ ಯತ್ನ, ಸತ್ಯ ಹುಡುಕುತ್ತ ಹೊರಡುವ ಪತ್ರಕರ್ತ - ಇದಿಷ್ಟು ಕಥಾವಸ್ತು. ರಾಜಕಾರಣಿಯಾಗಿ ಅನಂತನಾಗ್, ಪತ್ರಕರ್ತನಾಗಿ ಶಂಕರ್ ನಟಿಸಿದರು. ಸಾಮಾಜಿಕ ಸಮಸ್ಯೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ವಾಣಿಜ್ಯ ಚಿತ್ರಗಳ ಸಂಭಾವನೆಯ ಆಸರೆಯಿಲ್ಲದೆ ಇಂತಹ ಚಿತ್ರ ತೆಗೆಯುವ ಧೈರ್ಯ ಬರುತ್ತಿತ್ತೇ ಎಂಬ ಪ್ರಶ್ನೆಯನ್ನು ಅವರ ಟೀಕಾಕಾರರೂ ಕೇಳಿಕೊಳ್ಳಬೇಕಾಗುತ್ತದೆ.

ಕನ್ನಡ ಚಿತ್ರಗಳು ಧ್ವನಿಮುದ್ರಣ, ಡಬ್ಬಿಂಗ್ ಮುಂತಾದ ಕೆಲಸಗಳಿಗೆ ಬಹುಕಾಲ ಮದರಾಸನ್ನು ಅವಲಂಬಿಸಿದ್ದವು. ಕಲಾವಿದರು, ತಂತ್ರಜ್ಞರು ಅಲ್ಲಿಗೆ ಹೋಗಿ ಉಳಿಯುವುದು, ಸ್ಟುಡಿಯೊ ದಿನಾಂಕಕ್ಕಾಗಿ ಕಾಯುವುದು ನಿರ್ಮಾಪಕರಿಗೆ ಹೊರೆಯಾಗಿತ್ತು. ಈ ಕೊರತೆಯನ್ನು ಮನಗಂಡ ಶಂಕರ್ ಬೆಂಗಳೂರಿನಲ್ಲಿಯೇ ಆಧುನಿಕ ಉಪಕರಣಗಳುಳ್ಳ ಸಂಕೇತ್ ಧ್ವನಿಮುದ್ರಣ ಸ್ಟುಡಿಯೊ ಸ್ಥಾಪಿಸಿದರು. ನಟನಾಗಿ ಗಳಿಸಿದ್ದನ್ನು ಉದ್ಯಮಕ್ಕೇ ಉಪಯೋಗವಾಗುವ ಆಸ್ತಿಯನ್ನಾಗಿ ಪರಿವರ್ತಿಸಿದ ಹೂಡಿಕೆ ಇದು. ನಗರದ ಹೊರವಲಯದಲ್ಲಿ ಅವರು ಕಂಟ್ರಿ ಕ್ಲಬ್ ಒಂದನ್ನೂ ಕಟ್ಟಿದರು. ಬೆಂಗಳೂರು ಇಂದಿನಂತೆ ಬೆಳೆದಿರದ ಕಾಲದಲ್ಲಿ, ನಗರದಾಚೆಗೆ ಕುಟುಂಬ ಸಮೇತ ಹೋಗಿ ವಿಶ್ರಮಿಸುವ ತಾಣವೊಂದು ಲಾಭದಾಯಕವಾದೀತೆಂಬ ದೂರದೃಷ್ಟಿ ಅದರ ಹಿಂದಿತ್ತು.

ಆಗುಂಬೆಯಲ್ಲಿ ಹುಟ್ಟಿದ ಮಾಲ್ಗುಡಿ

ಶಂಕರ್‌ನಾಗ್ ಹೆಸರು ಕರ್ನಾಟಕದ ಗಡಿ ದಾಟಿ ದೇಶದ ಮನೆಮನೆಗೆ ತಲುಪಿದ್ದು 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ ತಯಾರಾದ ಇದು 1986ರಿಂದ ದೂರದರ್ಶನದಲ್ಲಿ ಪ್ರಸಾರವಾಯಿತು. ಕಾಲ್ಪನಿಕ ಊರಾದ ಮಾಲ್ಗುಡಿಗಾಗಿ ಅವರು ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ಊರಿನ ಹಳೆಯ ಮನೆಗಳು, ಬೀದಿಗಳು, ಜನರೇ ಧಾರಾವಾಹಿಯ ಭಾಗವಾದರು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು. ಸಿಹಿತಿಂಡಿ ವ್ಯಾಪಾರಿಯ ಕಥೆಯಲ್ಲಿ ಅನಂತನಾಗ್ ಜಗನ್ನನ ಪಾತ್ರ ವಹಿಸಿದರು. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಧಾರಾವಾಹಿಗೆ ಮೆರುಗು ತಂದವು.

ಅದೇ ಜಿಲ್ಲೆಯ ಅರಸಾಳು ರೈಲು ನಿಲ್ದಾಣವೂ ಧಾರಾವಾಹಿಯಲ್ಲಿ ಕಾಣಿಸಿಕೊಂಡಿತ್ತು. ಪಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ಜೀರ್ಣೋದ್ಧಾರಗೊಳಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿತು.

1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ನಿರ್ದೇಶಿಸುವ ಅವಕಾಶವೂ ಒದಗಿಬಂತು. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ ಮುತ್ತಿನ ಕಥೆಯಿಂದ ಪ್ರೇರಿತವಾದ 'ಒಂದು ಮುತ್ತಿನ ಕಥೆ'ಯಲ್ಲಿ ಸಮುದ್ರದಾಳದ ದೃಶ್ಯಗಳನ್ನು ಚಿತ್ರೀಕರಿಸುವ ಸಾಹಸ ಮಾಡಿದರು. ಚಿತ್ರಕ್ಕೆ ನಿರೀಕ್ಷಿತ ಯಶಸ್ಸು ದೊರೆಯಲಿಲ್ಲ. ಮರುವರ್ಷವೇ ಪಿ. ನಂಜುಂಡಪ್ಪ ನಿರ್ದೇಶನದ 'ಸಾಂಗ್ಲಿಯಾನ' ಬಂತು. ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರಿಂದ ಪ್ರೇರಿತವಾದ ಆ ಪಾತ್ರ ಶಂಕರ್ ಅವರ ಜನಪ್ರಿಯತೆಯನ್ನು ಮತ್ತೊಂದು ಮಟ್ಟಕ್ಕೆ ಏರಿಸಿತು. 1989ರ 'ಸಿಬಿಐ ಶಂಕರ್', 1990ರಲ್ಲಿ ಸಾಂಗ್ಲಿಯಾನದ ಎರಡನೆಯ ಭಾಗವೂ ಬೇಡಿಕೆಯನ್ನು ಉಳಿಸಿದವು. ಒಂದು ಕಡೆ ಸೋತರೂ ಇನ್ನೊಂದು ಕಡೆ ಗಳಿಸಿ ಸರಿದೂಗಿಸುವ ಈ ಕ್ರಮ ಅವರ ಇಡೀ ವೃತ್ತಿಜೀವನದಲ್ಲಿ ಕಂಡುಬರುತ್ತದೆ.

ನಂದಿಬೆಟ್ಟದ ರೋಪ್‌ವೇ ಮತ್ತು ಇತರ ಯೋಜನೆಗಳು

ಸಹೋದರರಿಬ್ಬರೂ ಎಂಬತ್ತರ ದಶಕದಲ್ಲಿ ಜನತಾ ಪಕ್ಷದ ಪರ ಪ್ರಚಾರ ಮಾಡಿದರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಅಧಿಕಾರದ ಸ್ಥಾನಮಾನಕ್ಕಿಂತ ಶಂಕರ್ ಅವರಿಗೆ ಆಸಕ್ತಿ ಇದ್ದದ್ದು ಯೋಜನೆಗಳಲ್ಲಿ. ಬೆಂಗಳೂರಿಗೆ ಮೆಟ್ರೊ ರೈಲು, ಬಡವರಿಗೆ ಕಡಿಮೆ ಖರ್ಚಿನಲ್ಲಿ ಅಲ್ಪ ಸಮಯದಲ್ಲಿ ಕಟ್ಟಬಹುದಾದ ಮನೆಗಳು, ನಂದಿಬೆಟ್ಟಕ್ಕೆ ರೋಪ್‌ವೇ - ಇವು ಅವರ ತಲೆಯಲ್ಲಿ ಸದಾ ಸುಳಿಯುತ್ತಿದ್ದ ವಿಚಾರಗಳೆಂಬುದನ್ನು ಕುಟುಂಬದವರು ಹಾಗೂ ಒಡನಾಡಿಗಳು ಹಲವು ಸಂದರ್ಭಗಳಲ್ಲಿ ನೆನಪಿಸಿಕೊಂಡಿದ್ದಾರೆ. ವಿದೇಶಕ್ಕೆ ಹೋದಾಗಲೆಲ್ಲ ಅಲ್ಲಿನ ವ್ಯವಸ್ಥೆಗಳನ್ನು ನೋಡಿ, ಮಾಹಿತಿ ಕಲೆಹಾಕಿ ತರುವುದು ಅವರ ಅಭ್ಯಾಸವಾಗಿತ್ತು.

ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ನಂದಿಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ತಪ್ಪಲಿನಲ್ಲಿ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ ದೇವಾಲಯಗಳಿವೆ. ಟಿಪ್ಪುವಿನ ಬೇಸಿಗೆ ಅರಮನೆ, ಬ್ರಿಟಿಷ್ ಅಧಿಕಾರಿ ಕಬ್ಬನ್ ಅವರ ಹೆಸರಿನ ಬಂಗಲೆ ಬೆಟ್ಟದ ಇತಿಹಾಸಕ್ಕೆ ಸಾಕ್ಷಿ. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದಕ್ಷಿಣ ಏಷ್ಯಾದ ನಾಯಕರು ಇದೇ ಬೆಟ್ಟಕ್ಕೆ ಬಂದಿದ್ದರು. ಇಷ್ಟೆಲ್ಲ ಪ್ರಸಿದ್ಧಿಯಿದ್ದರೂ ವಾಹನದಲ್ಲಿ ಮೇಲೇರಲು ಕಡಿದಾದ ತಿರುವುಗಳ ರಸ್ತೆಯೊಂದೇ ಗತಿ. ರೋಪ್‌ವೇ ಆದರೆ ವೃದ್ಧರು, ಮಕ್ಕಳು ಸುಲಭವಾಗಿ ಬೆಟ್ಟ ಏರಬಹುದು, ವಾಹನಗಳ ದಟ್ಟಣೆ ತಗ್ಗುತ್ತದೆ, ತಪ್ಪಲಿನ ಗ್ರಾಮಗಳ ಜನರಿಗೆ ವ್ಯಾಪಾರ ಸಿಗುತ್ತದೆ. ಚಿತ್ರನಟನೊಬ್ಬ ಇಂತಹ ಯೋಜನೆಯ ಬಗ್ಗೆ ತಲೆಕೆಡಿಸಿಕೊಂಡದ್ದು ಆ ಕಾಲಕ್ಕೆ ವಿಚಿತ್ರವಾಗಿ ಕಂಡಿರಬಹುದು. ಯೋಜನೆ ಅವರ ಜೀವಿತಾವಧಿಯಲ್ಲಿ ಮುಂದುವರಿಯಲಿಲ್ಲ.

ಬೆಂಗಳೂರಿನಲ್ಲಿ ಮೆಟ್ರೊ ರೈಲು ಸಂಚಾರ ಆರಂಭಿಸಿದ್ದು 2011ರ ಅಕ್ಟೋಬರ್‌ನಲ್ಲಿ. ಶಂಕರ್ ನಿಧನರಾಗಿ 21 ವರ್ಷಗಳ ನಂತರ. ನಂದಿಬೆಟ್ಟದ ರೋಪ್‌ವೇಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 93 ಕೋಟಿ ರೂಪಾಯಿ ವೆಚ್ಚದ, ಸುಮಾರು 3 ಕಿ.ಮೀ. ಉದ್ದದ ಯೋಜನೆಗೆ ಶಿಲಾನ್ಯಾಸ ನಡೆದದ್ದು 2023ರಲ್ಲಿ, ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿದ್ದಾಗ. ರೋಪ್‌ವೇ ಸುದ್ದಿ ಬಂದಾಗಲೆಲ್ಲ ಶಂಕರ್‌ನಾಗ್ ಹೆಸರೂ ಕೇಳಿಬರುವುದು ಈ ಭಾಗದಲ್ಲಿ ವಾಡಿಕೆಯಾಗಿದೆ.

ಆನಗೋಡಿನ ಆ ದಿನ

1990ರ ಸೆಪ್ಟೆಂಬರ್ ಅಂತ್ಯ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕವನ್ನು ಚಿತ್ರವಾಗಿಸುವ ಸಿದ್ಧತೆ ನಡೆದಿತ್ತು. ಚಿತ್ರೀಕರಣಕ್ಕಾಗಿ ಉತ್ತರ ಕರ್ನಾಟಕದ ಲೋಕಾಪುರಕ್ಕೆ ಶಂಕರ್, ಪತ್ನಿ ಅರುಂಧತಿ, ಪುತ್ರಿ ಕಾವ್ಯಾ ಕಾರಿನಲ್ಲಿ ಹೊರಟಿದ್ದರು. ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಗಿ ಶಂಕರ್‌ನಾಗ್ ಅಸುನೀಗಿದರು. ಅರುಂಧತಿ ಹಾಗೂ ಕಾವ್ಯಾ ತೀವ್ರವಾಗಿ ಗಾಯಗೊಂಡರು. ಐದು ವರ್ಷಗಳ ಹಿಂದಷ್ಟೇ ರಸ್ತೆ ಅಪಘಾತವನ್ನು ಕುರಿತು ರಾಷ್ಟ್ರಪ್ರಶಸ್ತಿ ವಿಜೇತ ಚಿತ್ರ ಮಾಡಿದ ನಿರ್ದೇಶಕನ ಬದುಕು ಹೆದ್ದಾರಿಯಲ್ಲಿಯೇ ಮುಗಿದದ್ದು ದುರದೃಷ್ಟಕರ. ನಾಡಿಗೆ ನಾಡೇ ಮರುಗಿತು. ಅವರು ಅಭಿನಯಿಸಿದ್ದ ಕೆಲವು ಚಿತ್ರಗಳು ನಿಧನಾನಂತರ ತೆರೆಕಂಡವು.

ಅವರ ವೇಗವನ್ನು ಮೆಚ್ಚುವವರು ಅದರ ಬೆಲೆಯನ್ನೂ ಗಮನಿಸಬೇಕು. ಒಂದು ಕೆಲಸದ ಆದಾಯದಿಂದ ಮತ್ತೊಂದು ಕೆಲಸ ನಡೆಯಬೇಕೆಂಬ ವ್ಯವಸ್ಥೆಯಲ್ಲಿ, ದುಡಿಯುವ ವ್ಯಕ್ತಿಯೇ ಇಲ್ಲವಾದಾಗ ಎಲ್ಲವೂ ಏಕಕಾಲಕ್ಕೆ ಅಲುಗಾಡುತ್ತವೆ. ಸ್ಟುಡಿಯೊ, ಕ್ಲಬ್, ಚಿತ್ರ ನಿರ್ಮಾಣ ಎಲ್ಲಕ್ಕೂ ಶಂಕರ್ ಅವರ ದುಡಿಮೆ ಮತ್ತು ಹೆಸರೇ ಆಧಾರವಾಗಿತ್ತು. ಅವೆಲ್ಲದರ ಹೊಣೆ ಗಾಯಗೊಂಡಿದ್ದ ಪತ್ನಿಯ ಮೇಲೆ ಬಿತ್ತು. ಚಿತ್ರರಂಗದ ಆದಾಯವನ್ನು ನಂಬಿ ಉದ್ಯಮ ಕಟ್ಟುವ ಯಾರಿಗೇ ಆದರೂ ಇದು ಎಚ್ಚರಿಕೆಯ ಪಾಠ.

ಉಳಿದ ಆಸ್ತಿ

ದೀರ್ಘಕಾಲದ ಚಿಕಿತ್ಸೆಯ ನಂತರ ಅರುಂಧತಿ ನಾಗ್ ರಂಗಭೂಮಿಗೆ ಮರಳಿದರು. ನಾಟಕಕ್ಕೆಂದೇ ಮೀಸಲಾದ ಸುಸಜ್ಜಿತ ರಂಗಮಂದಿರವೊಂದು ಇರಬೇಕೆಂಬುದು ದಂಪತಿಯ ಕನಸಾಗಿತ್ತು. ಅದನ್ನು ಈಡೇರಿಸಲು ಸಂಕೇತ್ ಟ್ರಸ್ಟ್ ರೂಪುಗೊಂಡಿತು. ಸರ್ಕಾರದಿಂದ ದೊರೆತ ನಿವೇಶನ, ದಾನಿಗಳ ನೆರವು, ಕಲಾವಿದರ ಶ್ರಮ ಇವೆಲ್ಲ ಸೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ತಲೆಯೆತ್ತಿತು. 2004ರ ಅಕ್ಟೋಬರ್ 28ರಂದು ಅದು ಉದ್ಘಾಟನೆಗೊಂಡಿತು. ಸಣ್ಣ ತಂಡಗಳಿಗೂ ಎಟುಕುವ ಬಾಡಿಗೆ, ದಿನಕ್ಕೊಂದು ನಾಟಕವೆಂಬ ಧ್ಯೇಯ, ಸಮಯಕ್ಕೆ ಸರಿಯಾಗಿ ಪ್ರದರ್ಶನ ಆರಂಭಿಸುವ ಶಿಸ್ತು ಅದಕ್ಕೆ ಹೆಸರು ತಂದುಕೊಟ್ಟಿವೆ. ಅರುಂಧತಿ ಅವರಿಗೆ 2010ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅಣ್ಣ ಅನಂತನಾಗ್ 'ನನ್ನ ತಮ್ಮ ಶಂಕರ' ಎಂಬ ಪುಸ್ತಕದಲ್ಲಿ ತಮ್ಮನ ನೆನಪುಗಳನ್ನು ದಾಖಲಿಸಿದ್ದಾರೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಚಿತ್ರಮಂದಿರವೊಂದಕ್ಕೆ ಶಂಕರ್‌ನಾಗ್ ಹೆಸರು ಇಡಲಾಯಿತು.

ಒಟ್ಟಿನಲ್ಲಿ ಶಂಕರ್‌ನಾಗ್ ಅವರ ಗಳಿಕೆಯ ಲೆಕ್ಕವನ್ನು ಹೀಗೆ ಹೇಳಬಹುದು. ಹಂಚಿಕೆದಾರರ ಬೇಡಿಕೆ ಅವರಿಗೆ ಸಂಭಾವನೆ ತಂದಿತು. ಸಂಭಾವನೆ ನಾಟಕ ತಂಡವಾಯಿತು, ಚಿತ್ರಗಳಾಯಿತು, ಸ್ಟುಡಿಯೊ ಆಯಿತು, ಕ್ಲಬ್ ಆಯಿತು. ಬಿಕೆಟಿ ವಲಯದ ಚಿತ್ರಮಂದಿರಗಳಲ್ಲಿ 'ಆಟೊ ರಾಜ', 'ಸಾಂಗ್ಲಿಯಾನ' ಚಿತ್ರಗಳಿಗೆ ಟಿಕೆಟ್ ಪಡೆದ ಚಿಂತಾಮಣಿಯ ವ್ಯಾಪಾರಿ, ಶಿಡ್ಲಘಟ್ಟದ ರೇಷ್ಮೆ ಕಾರ್ಮಿಕ, ಗೌರಿಬಿದನೂರಿನ ರೈತ ತೆತ್ತ ಹಣದ ಒಂದು ಪಾಲು ಹೀಗೆ ಕನ್ನಡ ರಂಗಭೂಮಿಗೂ, ಒಳ್ಳೆಯ ಚಿತ್ರಗಳಿಗೂ ಸಂದಿತು. ಆ ಪ್ರೇಕ್ಷಕರಿಗೆ ಇದು ತಿಳಿದಿರಲಿಲ್ಲ.

ನಂದಿಬೆಟ್ಟದಲ್ಲಿ ವಾರಾಂತ್ಯಗಳಲ್ಲಿ ಬೆಳಗಿನ ಜಾವದಿಂದಲೇ ವಾಹನಗಳು ಸಾಲುಗಟ್ಟುವುದನ್ನು ಕಂಡವರಿಗೆ ನಾಲ್ಕು ದಶಕಗಳ ಹಿಂದಿನ ಆ ಯೋಚನೆಯ ಬೆಲೆ ಅರಿವಾಗುತ್ತದೆ. ರೋಪ್‌ವೇ ಪೂರ್ಣಗೊಂಡ ದಿನ ಅಲ್ಲಿ ಶಂಕರ್‌ನಾಗ್ ಹೆಸರಿನ ಒಂದು ಫಲಕವಾದರೂ ಇರಲೆಂಬುದು ಜಿಲ್ಲೆಯ ಅಭಿಮಾನಿಗಳ ಸಹಜ ಅಪೇಕ್ಷೆಯಾಗುವುದರಲ್ಲಿ ಸಂದೇಹವಿಲ್ಲ.